ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿತವಾದ ಹಣದಲ್ಲಿ ಗಾಲ್ಫ್ ಸಲಕರಣೆ

ಗಾಲ್ಫ್ ಕಲಿಯಲು ಹೊರಟವರು ಯಾವ ಸಲಕರಣೆಯನ್ನು ಕೊಳ್ಳಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು ಎಂದು ಕೇಳಿ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರಗಳಲ್ಲಿ ಕೊಟ್ಟಿರುವ ಬೆಲೆಗಳು ಅಂದಾಜಿನವು. ಬಹುಪಾಲು ಸರಕು ಹೊರದೇಶದಿಂದ ಬರುವುದರಿಂದ ಅವು ಅಂಗಡಿಯಿಂದ ಅಂಗಡಿಗೆ ಸಾಕಷ್ಟು ವ್ಯತ್ಯಾಸವಾಗುತ್ತವೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ. ಎತ್ತರ ಐದು ಅಡಿ ಐದು ಅಂಗುಲ. ಸಹೋದ್ಯೋಗಿಗಳೊಂದಿಗೆ ಕೆಲವು ಸಲ ಡ್ರೈವಿಂಗ್ ರೇಂಜ್‌ಗೆ (ಹೊಡೆತ ಅಭ್ಯಾಸ ಮಾಡುವ ಬಯಲಿಗೆ) ಹೋಗಿ ಬಂದ ಮೇಲೆ ಆಟ ಹಿಡಿಸಿದೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ 14 ಕ್ಲಬ್‌ಗಳ (ಚೆಂಡು ಹೊಡೆಯುವ ಕೋಲುಗಳ) ಪೂರ್ಣ ಸೆಟ್ ಇಲ್ಲದೆ ಆಡಲು ಬರುವುದಿಲ್ಲ ಎಂದು ಹೇಳಿ 65 ಸಾವಿರ ರೂಪಾಯಿಯ ಸೆಟ್ ತೋರಿಸಿದರು. ನಾನು ಎತ್ತಿಟ್ಟಿರುವುದು 25 ಸಾವಿರ. ಇಷ್ಟರಲ್ಲಿ ಆಟ ಶುರು ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಧಾರಾಳವಾಗಿ ಶುರು ಮಾಡಬಹುದು. ಅಂಗಡಿಯವರು ಹೇಳಿದ ಮಾತು ಸರಿಯಲ್ಲ. 14 ಎಂಬುದು ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಕ್ಲಬ್‌ಗಳ ಗರಿಷ್ಠ ಸಂಖ್ಯೆ. ಕನಿಷ್ಠ ಇಷ್ಟಿರಲೇಬೇಕೆಂದು ಆಟದ ನಿಯಮಗಳಲ್ಲಿ ಎಲ್ಲಿಯೂ ಇಲ್ಲ. 1930ರ ದಶಕದಲ್ಲಿ ಹೆಸರಾಂತ ಆಟಗಾರರು ಇಪ್ಪತ್ತು, ಇಪ್ಪತ್ತೈದು ಕ್ಲಬ್‌ಗಳನ್ನು ಚೀಲ ಹೊರುವ ಸಹಾಯಕನಾದ ಕ್ಯಾಡಿಯ ಹೆಗಲಿಗೆ ಹೇರಿಕೊಂಡು ಬರತೊಡಗಿದ್ದರಿಂದ, 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯೂ ಮರುವರ್ಷ ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆಯೂ ಈ ಮಿತಿಯನ್ನು ಹಾಕಿದವು. ಅದಕ್ಕೂ ಬಹಳ ಮೊದಲು, 1916ರಲ್ಲಿ, ಚಿಕ್ ಇವಾನ್ಸ್ ಎಂಬ ಹವ್ಯಾಸಿ ಆಟಗಾರರು ಮರದ ಕೋಲಿನ ಏಳೇ ಕ್ಲಬ್‌ಗಳಿಂದ ಯು.ಎಸ್. ಓಪನ್ ಗೆದ್ದಿದ್ದರು. ಅಂದಿನ ಅವರ 286 ಹೊಡೆತಗಳ ಮೊತ್ತವನ್ನು (ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವರೇ ಮುಂದೆ) ಮೀರಿಸಲು ಇತರರಿಗೆ ಇಪ್ಪತ್ತು ವರ್ಷ ಬೇಕಾಯಿತು. ಹೀಗಿರುವಾಗ ನಿಮಗೂ ಏಳು ಕ್ಲಬ್ ಸಾಕು.

ಯಾವ ಏಳು ಎಂಬುದು ಮುಂದಿನ ಪ್ರಶ್ನೆ. ಹೊಸಬರು ಸಾಮಾನ್ಯವಾಗಿ ಆಟ ಆರಂಭವಾಗುವ ಟೀಯಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಮೊದಲು ದೂರದ ಹೊಡೆತಕ್ಕೆಂದಿರುವ ದೊಡ್ಡ ತಲೆಯ ಡ್ರೈವರ್ ಕೊಂಡು ಅರ್ಧ ಹಣವನ್ನು ಅದಕ್ಕೇ ಸುರಿಯುತ್ತಾರೆ. ಚೆಂಡು ಕೊನೆಗೆ ಬೀಳುವ ಗುಳಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ ಎಂಬುದು ನಮ್ಮ ಸಲಹೆ. ಪಾರ್ 72 ಇರುವ, ಅಂದರೆ ನುರಿತವರು 72 ಹೊಡೆತಗಳಲ್ಲಿ ಮುಗಿಸಬೇಕಾದ ಮೈದಾನದಲ್ಲಿ, ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್ ಪ್ರತಿಯೊಂದರಲ್ಲೂ ಎರಡು ಪಟ್ (ಚೆಂಡನ್ನು ಮೆಲ್ಲನೆ ಗುಳಿಯತ್ತ ಉರುಳಿಸುವ ಹೊಡೆತ) ಎಂದು ಹಿಡಿದಿರುತ್ತಾರೆ. 18 ಹೋಲ್‌ಗಳಿಗೆ (ಟೀಯಿಂದ ಗುಳಿಯವರೆಗಿನ ಒಂದೊಂದು ಹಾದಿಗೆ ಹೋಲ್ ಎನ್ನುತ್ತಾರೆ) ಅದು 36 ಆಯಿತು, ಅಂದರೆ ಸರಿಯಾಗಿ ಅರ್ಧ. ಡ್ರೈವರ್ ಕೈಗೆ ಬರುವುದು, ದೂರ ಕಡಿಮೆ ಇರುವ ಪಾರ್ 3ರ ನಾಲ್ಕು ಹೋಲ್‌ಗಳನ್ನು ಬಿಟ್ಟರೆ, ಹೆಚ್ಚೆಂದರೆ ಹದಿನಾಲ್ಕು ಸಲ. ಹೊಸಬರ ಕೈಯಲ್ಲಿ ಆ ಹದಿನಾಲ್ಕರಲ್ಲಿ ಎಷ್ಟು ಚೆಂಡು ಫೇರ್‌ವೇಯಲ್ಲಿ (ಟೀಗೂ ಗ್ರೀನ್‌ಗೂ ನಡುವೆ ಹುಲ್ಲು ಕತ್ತರಿಸಿದ ಹಾದಿಯಲ್ಲಿ) ಉಳಿಯುತ್ತವೆ ಎಂಬುದನ್ನು ನೀವು ರೇಂಜ್‌ನಲ್ಲಿ ಈಗಾಗಲೇ ನೋಡಿರಬಹುದು.

ಆದ್ದರಿಂದ ಮೊದಲನೆಯದು ಪಟ್ ಹೊಡೆಯುವ ಪಟ್ಟರ್. ನಿಮ್ಮ ಎತ್ತರಕ್ಕೆ 33 ಅಥವಾ 34 ಅಂಗುಲದ್ದು ಹೊಂದುತ್ತದೆ. ಅದನ್ನು ಹಿಡಿದು ಆರಾಮವಾಗಿ ಬಾಗಿ ನಿಂತಾಗ ಕಣ್ಣು ಚೆಂಡಿನ ನೇರ ಮೇಲೆ ಅಥವಾ ತುಸು ಒಳಗೆ ಬರಬೇಕು, ಮೊಣಕೈಗಳು ಪಕ್ಕೆಗೆ ತಾಗಿ ಇಕ್ಕಟ್ಟಾಗಬಾರದು. ಪಟ್ಟರ್‌ಗೆ ವಯಸ್ಸಾಗುವುದಿಲ್ಲ, ಹದಿನೈದು ವರ್ಷ ಹಳೆಯದಾದರೂ ಮುಖ ನೆಟ್ಟಗಿದ್ದರೆ ಹೊಸದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯದು 54ರಿಂದ 56 ಡಿಗ್ರಿ ಲಾಫ್ಟ್‌ನ (ಮುಖ ಹಿಂದಕ್ಕೆ ವಾಲಿರುವ ಕೋನ; ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ ಏರುತ್ತದೆ, ದೂರ ಕಡಿಮೆಯಾಗುತ್ತದೆ) ಸ್ಯಾಂಡ್ ವೆಜ್, ಮರಳಿನಿಂದಲೂ ಗ್ರೀನ್ ಬಳಿಯಿಂದಲೂ ಚೆಂಡೆತ್ತುವ ಕ್ಲಬ್. ಆಮೇಲೆ ಪಿಚಿಂಗ್ ವೆಜ್, 8 ಮತ್ತು 6ನೇ ಐರನ್ (ಲೋಹದ ತೆಳು ತಲೆಯ ಕ್ಲಬ್; ಸಂಖ್ಯೆ ಕಡಿಮೆಯಾದಷ್ಟೂ ಹೊಡೆತ ದೂರ). ಮಾರುವವರ ಬಳಿ 9 ಮತ್ತು 7 ಇದ್ದರೆ ಅದೂ ಆಗಬಹುದು. ಆರನೆಯದಾಗಿ, ಐರನ್‌ಗೂ ವುಡ್‌ಗೂ ನಡುವಣ ಬಗೆಯಾದ, 22ರಿಂದ 24 ಡಿಗ್ರಿಯ ಒಂದು ಹೈಬ್ರಿಡ್ ಇರಲಿ. 3 ಮತ್ತು 4ನೇ ಐರನ್‌ಗಳಲ್ಲಿ ಚೆಂಡನ್ನು ಮೇಲೆತ್ತುವುದು ಪಳಗಿದವರಿಗೂ ಕಷ್ಟ, ಹೈಬ್ರಿಡ್ ಅದನ್ನು ಸಲೀಸಾಗಿ ಎತ್ತುತ್ತದೆ. ಏಳನೆಯದು 18 ಡಿಗ್ರಿಯ 5ನೇ ವುಡ್ (ದೂರ ಹೊಡೆಯುವ, ದಪ್ಪ ತಲೆಯ ಕ್ಲಬ್). ಡ್ರೈವರ್ ಬರುವವರೆಗೆ ಟೀಯಿಂದಲೂ ಇದನ್ನೇ ಹೊಡೆಯಿರಿ.

ಐರನ್‌ಗಳ ತಲೆಯ ಹಿಂಭಾಗವನ್ನು ನೋಡಿ ಕೊಳ್ಳಬೇಕು. ಹಿಂಭಾಗ ಪೂರ್ತಿ ತುಂಬಿಕೊಂಡು ತೆಳ್ಳಗೆ, ಚಾಕುವಿನ ಅಲಗಿನಂತೆ ಇರುವವು ಬ್ಲೇಡ್‌ಗಳು. ಅವು ನಮಗೆ ಬೇಡ. ನಡುವೆ ಗುಂಡಿ ತೋಡಿ ಲೋಹವನ್ನು ಅಂಚುಗಳಿಗೆ ಸರಿಸಿರುವವು ಕ್ಯಾವಿಟಿ ಬ್ಯಾಕ್. ಭಾರ ಅಂಚಿನಲ್ಲಿರುವುದರಿಂದ ಚೆಂಡು ಮುಖದ ನಡುವಿಗೆ ಬೀಳದೆ ಬೆರಳಗಲ ಆಚೀಚೆ ಬಿದ್ದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ, ಹೊಡೆತ ಪೂರ್ತಿ ಹಾಳಾಗುವುದಿಲ್ಲ. ಪಿಂಗ್ ಸಂಸ್ಥೆಯ ಸ್ಥಾಪಕ ಕಾರ್ಸ್ಟನ್ ಸೋಲ್ಹೈಮ್ ಬಹಳ ಹಿಂದೆಯೇ ಬಳಕೆಗೆ ತಂದ ಈ ವಿದ್ಯೆಯನ್ನು ಇಂದು ಎಲ್ಲ ಕಂಪನಿಗಳೂ ಅನುಸರಿಸುತ್ತವೆ. ಹೀಗಾಗಿ ಹತ್ತು ವರ್ಷ ಹಳೆಯ ಕ್ಯಾವಿಟಿ ಬ್ಯಾಕ್ ಸೆಟ್ ಕೊಂಡರೂ ಹೊಸಬರಿಗೆ ನಷ್ಟವೇನೂ ಇಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಬೂಟು ಹಾಕಿಕೊಂಡು ನೆಟ್ಟಗೆ ನಿಂತು, ಕೈಗಳನ್ನು ಸಡಿಲ ಬಿಟ್ಟು, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಬೇರೆಯವರಿಂದ ಟೇಪ್ ಹಿಡಿಸಿ ಅಳೆಸಿಕೊಳ್ಳಿ. ಸುಮಾರು 34ರಿಂದ 36 ಅಂಗುಲ ಬಂದರೆ ಸಾಮಾನ್ಯ ಉದ್ದದ ಕ್ಲಬ್ ಹೊಂದುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಅರ್ಧ ಅಂಗುಲ ಗಿಡ್ಡವಾದದ್ದು ಬೇಕಾಗಬಹುದು. ಎತ್ತರವೊಂದನ್ನೇ ನೋಡಿ ತೀರ್ಮಾನಿಸಿದರೆ ತಪ್ಪಾಗುತ್ತದೆ, ಏಕೆಂದರೆ ಒಂದೇ ಎತ್ತರದ ಇಬ್ಬರ ತೋಳಿನ ಉದ್ದ ಬೇರೆ ಬೇರೆ ಇರುತ್ತದೆ. ಶಾಫ್ಟ್‌ನ (ಕ್ಲಬ್‌ನ ಉದ್ದನೆಯ ಕೋಲಿನ) ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಆರ್ ಎಂದಿದ್ದರೆ ರೆಗ್ಯುಲರ್, ಅಂದರೆ ಸಾಧಾರಣವಾಗಿ ಬಾಗುವಂಥದ್ದು; ಎಸ್ ಎಂದಿದ್ದರೆ ಸ್ಟಿಫ್, ಅಂದರೆ ಕಡಿಮೆ ಬಾಗುವಂಥದ್ದು. ನಿಮ್ಮಂಥ ಯುವಕರಿಗೆ ಆರಂಭದಲ್ಲಿ ರೆಗ್ಯುಲರ್ ಸರಿಹೋಗುತ್ತದೆ. ಸ್ಟಿಫ್ ಎಂದರೆ ಗಟ್ಟಿಮುಟ್ಟು, ಹೆಚ್ಚು ಕಾಲ ಬಾಳುತ್ತದೆ ಎಂದು ಮಾರುವವರಿದ್ದಾರೆ, ನಂಬಬೇಡಿ. ಅದು ಡ್ರೈವರ್ ಅನ್ನು ಗಂಟೆಗೆ ಸುಮಾರು 95 ಮೈಲಿಗಿಂತ ವೇಗವಾಗಿ ಬೀಸುವವರಿಗಾಗಿ ಮಾಡಿದ್ದು.

ಈಗ ಹಣದ ಮಾತು. 25 ಸಾವಿರದಲ್ಲಿ ಆರೇಳು ಸಾವಿರವನ್ನು ತರಬೇತುದಾರರ ಪಾಠಕ್ಕೂ ರೇಂಜ್‌ನ ಚೆಂಡುಗಳಿಗೂ ಮೊದಲೇ ಬೇರೆ ಇಡಿ. ಪಾಠ ಆರಂಭಿಸಿ ಒಂದೂವರೆ ತಿಂಗಳು ಬಾಡಿಗೆ ಅಥವಾ ಎರವಲು ಕ್ಲಬ್‌ನಲ್ಲೇ ಆಡಿ. ಅಷ್ಟರಲ್ಲಿ ನಿಮ್ಮ ಬೀಸು ಎಂಥದು, ಯಾವ ತೂಕದ ಕ್ಲಬ್ ಕೈಗೆ ಒಗ್ಗುತ್ತದೆ ಎಂಬುದನ್ನು ತರಬೇತುದಾರರೇ ಹೇಳುತ್ತಾರೆ. ಬಳಸಿದ ಅರ್ಧ ಸೆಟ್ ಹನ್ನೆರಡು ಹದಿಮೂರು ಸಾವಿರದಲ್ಲಿ ಸಿಗುವ ಸಾಧ್ಯತೆ ಇದೆ. ಉಳಿದದ್ದು ಹಗುರವಾದ ಚೀಲ, ಗ್ಲೌಸ್, ಚೆಂಡು, ಬೂಟುಗಳಿಗೆ. ಬಳಸಿದ ಸೆಟ್ ಹುಡುಕಲು ದೊಡ್ಡ ಅಂಗಡಿಗಿಂತ ಗಾಲ್ಫ್ ಸಂಸ್ಥೆಯ ಆವರಣದಲ್ಲೇ ಇರುವ ಸಲಕರಣೆ ಅಂಗಡಿ (ಪ್ರೊ ಶಾಪ್), ಅಲ್ಲಿನ ನೋಟಿಸ್ ಬೋರ್ಡ್, ತರಬೇತುದಾರರು ಮತ್ತು ಹಳೆಯ ಕ್ಯಾಡಿಗಳು ಒಳ್ಳೆಯ ದಾರಿ. 1876ರಷ್ಟು ಹಿಂದೆಯೇ ಗಾಲ್ಫ್ ಸಂಸ್ಥೆ ಕಂಡ ಊರು ಬೆಂಗಳೂರು. ಎರಡು ಮೂರು ವರ್ಷಕ್ಕೊಮ್ಮೆ ಸೆಟ್ ಬದಲಾಯಿಸುವ ಸದಸ್ಯರಿಗೆ ಇಲ್ಲಿ ಬರವಿಲ್ಲ, ಅವರು ಬಿಟ್ಟದ್ದು ಯಾರ ಬಳಿ ಇದೆ ಎಂಬುದು ಕ್ಯಾಡಿಗಳಿಗೆ ಗೊತ್ತಿರುತ್ತದೆ. ಹೊಸದೇ ಬೇಕೆಂಬ ಹಟವಿದ್ದರೆ ಡೆಕತ್ಲಾನ್ ಕ್ರೀಡಾ ಮಳಿಗೆಯವರ ಇನೆಸಿಸ್ ಬ್ರ್ಯಾಂಡ್‌ನಲ್ಲಿ ಆರಂಭಿಕರಿಗೆಂದೇ ಮಾಡಿದ ಕ್ಲಬ್‌ಗಳಿವೆ. ಪೂರ್ಣ ಸೆಟ್‌ಗೆ ಒಮ್ಮೆಲೇ ಹಣ ಸುರಿಯುವ ಮೊದಲು ಅದನ್ನೂ ಒಮ್ಮೆ ನೋಡಿ.

ಡ್ರೈವರ್‌ನ ಮಾತು ಮುಂದಿನ ವರ್ಷಕ್ಕಿರಲಿ.

ಪ್ರಶ್ನೆ: ಸೇನೆಯಿಂದ ನಿವೃತ್ತರಾಗಿದ್ದ ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಗಾಲ್ಫ್ ಸೆಟ್ ಮನೆಯ ಅಟ್ಟದ ಮೇಲೆ ಬಹಳ ವರ್ಷದಿಂದ ಬಿದ್ದಿದೆ. ಮೂರು ಕ್ಲಬ್‌ಗಳ ತಲೆ ಮರದ್ದು. ಐರನ್‌ಗಳು 2ರಿಂದ 9ರವರೆಗೆ, ಎರಡು ವೆಜ್, ಒಂದು ಹಿತ್ತಾಳೆಯ ಪಟ್ಟರ್ ಇವೆ. ಹಿಡಿಗಳು ಒಣಗಿ ಬಿರುಕು ಬಿಟ್ಟಿವೆ. ಮಗ ಆಟ ಕಲಿಯಬೇಕೆನ್ನುತ್ತಿದ್ದಾನೆ. ಇದನ್ನೇ ಬಳಸಬಹುದೇ, ಅಥವಾ ಗುಜರಿಗೆ ಹಾಕುವುದೇ?
— ಓದುಗರು, ವಿರಾಜಪೇಟೆ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಹಳೆಯ ಸೆಟ್‌ನಲ್ಲಿ ಇಂದಿಗೂ ಕೆಲಸಕ್ಕೆ ಬರುವವು ಯಾವುವು, ಬಾರದವು ಯಾವುವು ಎಂದು ವಿಂಗಡಿಸಿದರೆ ಸಾಕು, ನಿಮ್ಮ ಮಗನಿಗೆ ಬಹಳ ಹಣ ಉಳಿಯುತ್ತದೆ.

ಮರದ ತಲೆಯವು ಬಹುಶಃ ಪರ್ಸಿಮನ್ ಎಂಬ ಗಟ್ಟಿ ಮರದವು. ಇಂದಿನ ಡ್ರೈವರ್‌ನ ತಲೆ 460 ಘನ ಸೆಂಟಿಮೀಟರ್‌ವರೆಗೆ ಇರುತ್ತದೆ. ಅವು ಅದರ ಅರ್ಧವೂ ಇರುವುದಿಲ್ಲ. ಅಷ್ಟು ಸಣ್ಣ ಮುಖದಲ್ಲಿ ಹೊಸಬರು ಚೆಂಡನ್ನು ಸರಿಯಾಗಿ ಹೊಡೆಯುವುದು ಬಲು ಕಷ್ಟ. ಜೊತೆಗೆ ಅಟ್ಟದ ಬಿಸಿಲಿಗೂ ಕೊಡಗಿನ ಮಳೆಗಾಲದ ತೇವಕ್ಕೂ ಸಿಕ್ಕಿ ಮರ ಬಿರಿದಿರಬಹುದು. ಹೊಡೆತದ ರಭಸಕ್ಕೆ ತಲೆ ಕಿತ್ತು ಹಾರಿದರೆ ಅಪಾಯ. ಅವುಗಳನ್ನು ಒರೆಸಿ ಗೋಡೆಗೆ ತೂಗುಹಾಕಿ. 2, 3, 4ನೇ ಐರನ್‌ಗಳನ್ನೂ ಬದಿಗಿಡಿ. ಪಟ್ಟರ್ ಹಾಗೆಯೇ ಬಳಕೆಗೆ ಬರುತ್ತದೆ; ಹಿತ್ತಾಳೆಯನ್ನು ಉಜ್ಜಿ ಹೊಳಪು ಬರಿಸುವುದು ಬೇಡ, ಬಿಸಿಲಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. 6, 8, 9 ಮತ್ತು ವೆಜ್‌ಗಳು ಕಲಿಕೆಗೆ ಆಗಬಹುದು, ಆದರೆ ವೆಜ್‌ನ ಮುಖದ ಗೀರುಗಳು ಸವೆದು ನುಣ್ಣಗಾಗಿದ್ದರೆ ಚೆಂಡು ಗ್ರೀನ್‌ನಲ್ಲಿ ನಿಲ್ಲದೆ ಜಾರುತ್ತದೆ. ಬೆರಳಿನ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದಾಗ ಅದು ತಡೆದು ನಿಲ್ಲಬೇಕು.

ಪ್ರತಿಯೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಗಲಗಲ ಸದ್ದಾದರೆ ಅಥವಾ ತಲೆಯನ್ನು ಹಿಡಿದು ತಿರುಚಿದಾಗ ಕೂದಲೆಳೆಯಷ್ಟು ತಿರುಗಿದರೂ ಒಳಗಿನ ಅಂಟು ಬಿಟ್ಟಿದೆ ಎಂದರ್ಥ. ರಿಪೇರಿ ಮಾಡುವವರು ಎಪಾಕ್ಸಿ ಹಾಕಿ ಕೂಡಿಸಿಕೊಡುತ್ತಾರೆ. ಉಕ್ಕಿನ ಶಾಫ್ಟ್‌ನ ಮೇಲಿನ ಕಲೆಯಂಥ ತುಕ್ಕು ಉಜ್ಜಿದರೆ ಹೋಗುತ್ತದೆ, ಆದರೆ ಕುಳಿಬಿದ್ದ ತುಕ್ಕಿರುವ ಶಾಫ್ಟ್ ಮುರಿಯುವ ಸಂಭವವಿದೆ, ಅದನ್ನು ಬಳಸಬೇಡಿ.

ಹಿಡಿಗಳನ್ನು ಮನೆಯಲ್ಲೇ ಬದಲಾಯಿಸಬಹುದು. ಹೊಸ ರಬ್ಬರ್ ಗ್ರಿಪ್, ಎರಡು ಬದಿಯೂ ಅಂಟುವ ಟೇಪ್ ಮತ್ತು ಸ್ವಲ್ಪ ಥಿನ್ನರ್ ಇದ್ದರೆ ಸಾಕು. ಹಳೆಯ ಗ್ರಿಪ್ ಅನ್ನು ಬ್ಲೇಡ್‌ನಿಂದ ಉದ್ದಕ್ಕೆ ಸೀಳಿ ಸುಲಿಯಿರಿ. ಬ್ಲೇಡ್ ಯಾವಾಗಲೂ ಮೈಯಿಂದ ಆಚೆಗೆ ಹೋಗಲಿ, ಗ್ರಾಫೈಟ್ ಶಾಫ್ಟ್ ಆಗಿದ್ದರೆ ಅದಕ್ಕೆ ಗಾಯವಾಗದಂತೆ ಎಚ್ಚರವಿರಲಿ. ಉಳಿದ ಟೇಪನ್ನು ಪೂರ್ತಿ ಕೆರೆದು ತೆಗೆದು ಹೊಸ ಟೇಪ್ ಸುತ್ತಿ, ಶಾಫ್ಟ್‌ನ ತುದಿಯಾಚೆ ಅರ್ಧ ಅಂಗುಲ ಬಿಟ್ಟು ಅದನ್ನು ಟೊಳ್ಳಿನೊಳಕ್ಕೆ ಮಡಚಿರಿ. ಹೊಸ ಗ್ರಿಪ್‌ನ ತಲೆಯಲ್ಲಿರುವ ಸಣ್ಣ ತೂತನ್ನು ಬೆರಳಿನಿಂದ ಮುಚ್ಚಿ ಒಳಗೆ ಥಿನ್ನರ್ ಸುರಿದು, ಬಾಯಿ ಮುಚ್ಚಿ ಕುಲುಕಿ, ಅದೇ ಥಿನ್ನರನ್ನು ಟೇಪ್‌ನ ಮೇಲೆ ಉದ್ದಕ್ಕೂ ಹರಿಸಬೇಕು. ಟೇಪ್ ಒದ್ದೆಯಾಗಿ ಜಾರುವ ಆ ಕೆಲವು ಸೆಕೆಂಡುಗಳಲ್ಲಿ ಗ್ರಿಪ್ ಅನ್ನು ಒಂದೇ ಉಸಿರಿಗೆ ಕೊನೆಯವರೆಗೆ ತಳ್ಳಿಬಿಡಬೇಕು. ಅರ್ಧದಲ್ಲಿ ನಿಂತರೆ ಅದು ಅಲ್ಲಿಯೇ ಹಿಡಿದುಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಆಮೇಲೆ ಕ್ಲಬ್‌ನ ಮುಖವನ್ನು ನೇರ ಇಟ್ಟು ಗ್ರಿಪ್‌ನ ಗುರುತು ನಡುವೆ ಬರುವಂತೆ ತಿರುಗಿಸಿ, ಒಂದು ದಿನ ಒಣಗಲು ಬಿಡಿ. ಥಿನ್ನರ್ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಈ ಕೆಲಸ ಅಡುಗೆಮನೆಯಲ್ಲಿ ಬೇಡ, ಜಗಲಿಯಲ್ಲಿ ಆಗಲಿ.

ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ಹಳೆಯ 7ನೇ ಐರನ್‌ನ ಲಾಫ್ಟ್ ಸುಮಾರು 36 ಡಿಗ್ರಿ ಇರುತ್ತಿತ್ತು; ಇಂದು ಆರಂಭಿಕರಿಗಾಗಿ ಮಾಡುವ 7ನೇ ಐರನ್ 30 ಡಿಗ್ರಿಯ ಆಸುಪಾಸಿನಲ್ಲಿದೆ. ಅಂದರೆ ಹಳೆಯ 6 ಇಂದಿನ 7ಕ್ಕೆ ಸಮೀಪ. ಮಗನ ಗೆಳೆಯರು 7ರಲ್ಲಿ ತನಗಿಂತ ಹದಿನೈದು ಗಜ ದೂರ ಹೊಡೆಯುತ್ತಾರೆಂದು ಅವನು ಕುಗ್ಗುವ ಅಗತ್ಯವಿಲ್ಲ. ಮುಂದೆ ಹೊಸ ಐರನ್‌ಗಳನ್ನು ಕೊಂಡು ಚಿಕ್ಕಪ್ಪನವರ ವೆಜ್‌ಗಳ ಜೊತೆ ಬೆರೆಸುವಾಗ ಕ್ಲಬ್‌ನ ಮೇಲಿನ ಸಂಖ್ಯೆಯನ್ನು ಬಿಟ್ಟು ಡಿಗ್ರಿಯನ್ನು ನೋಡಿ ಬೆರೆಸಿ.

ಪ್ರಶ್ನೆ: ನಮ್ಮ ಮಗಳಿಗೆ ಎಂಟು ವರ್ಷ. ಅದಿತಿ ಅಶೋಕ್ ಅವರ ಆಟವನ್ನು ಟಿ.ವಿ.ಯಲ್ಲಿ ನೋಡಿದಾಗಿನಿಂದ ಗಾಲ್ಫ್ ಎಂದು ಹಟ ಹಿಡಿದಿದ್ದಾಳೆ. ಅವಳ ತಂದೆಯ ಹಳೆಯ ಕ್ಲಬ್‌ಗಳನ್ನು ಕತ್ತರಿಸಿ ಗಿಡ್ಡ ಮಾಡಿಸಿದರೆ ಖರ್ಚು ಉಳಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?
— ತಾಯಿಯೊಬ್ಬರು, ಮೈಸೂರು

ಉತ್ತರ: ಪಟ್ಟರ್ ಒಂದನ್ನು ಕತ್ತರಿಸಿ ಕೊಡಬಹುದು, ಬೇರೆ ಯಾವುದನ್ನೂ ಬೇಡ. ದೊಡ್ಡವರ ಕ್ಲಬ್ ಅನ್ನು ಗಿಡ್ಡ ಮಾಡಿದರೆ ಶಾಫ್ಟ್ ಇನ್ನಷ್ಟು ಬಿರುಸಾಗುತ್ತದೆ, ತಲೆಯ ತೂಕ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಭಾರವನ್ನು ಎತ್ತಲಾಗದೆ ಮಗು ಇಡೀ ಮೈಯನ್ನು ಹಿಂದಕ್ಕೆ ವಾಲಿಸಿ ಬೀಸುವುದನ್ನು ರೂಢಿಸಿಕೊಳ್ಳುತ್ತದೆ. ಆ ಅಭ್ಯಾಸವನ್ನು ಬಿಡಿಸುವುದಕ್ಕೆ ಮುಂದೆ ತೆರುವ ಪಾಠದ ಶುಲ್ಕ ಈಗ ಉಳಿಸಿದ್ದಕ್ಕಿಂತ ಹೆಚ್ಚಾಗುತ್ತದೆ.

ಮಕ್ಕಳ ಸೆಟ್‌ಗಳನ್ನು ವಯಸ್ಸು ನೋಡಿ ಕೊಳ್ಳುವುದಕ್ಕಿಂತ ಎತ್ತರ ನೋಡಿ ಕೊಳ್ಳುವುದು ಸರಿ. ಪಟ್ಟರ್, ಒಂದು ವೆಜ್, ಒಂದು ನಡುವಣ ಐರನ್, ಹಗುರವಾದ ಒಂದು ವುಡ್: ನಾಲ್ಕು ಸಾಕು. ಬೆಳೆಯುವ ಮಗುವಿಗೆ ಮುಂದಕ್ಕಾಗಲಿ ಎಂದು ಎರಡು ಅಳತೆ ದೊಡ್ಡದನ್ನು ಕೊಡಿಸುವುದು ಶಾಲೆಯ ಸಮವಸ್ತ್ರದಲ್ಲಿ ನಡೆಯಬಹುದು, ಇಲ್ಲಿ ನಡೆಯದು. ಸುಮಾರು ಎರಡು ವರ್ಷಕ್ಕೊಮ್ಮೆ ಸೆಟ್ ಬದಲಾಗುವುದರಿಂದ ಅದೇ ಮೈದಾನದಲ್ಲಿ ಕಲಿಯುವ ಮಕ್ಕಳ ತಂದೆತಾಯಿಯರ ಪರಿಚಯ ಮಾಡಿಕೊಂಡು, ದೊಡ್ಡ ಮಕ್ಕಳು ಬಿಟ್ಟ ಸೆಟ್ ಕೊಳ್ಳುವುದು, ನಿಮ್ಮದನ್ನು ಚಿಕ್ಕವರಿಗೆ ಮಾರುವುದು ಜಾಣತನ. ಮೈಸೂರಿನಲ್ಲಿ ರೇಸ್‌ಕೋರ್ಸ್ ಆವರಣದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಮಕ್ಕಳ ತರಬೇತಿಯ ಬಗ್ಗೆ ವಿಚಾರಿಸಿದರೆ ಅಂಥವರ ಪರಿಚಯವೂ ಆದೀತು.

ಅದಿತಿ ಅವರೂ ಐದಾರು ವರ್ಷದವರಿದ್ದಾಗ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಆಟ ಆರಂಭಿಸಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಅವರಿಗಿಂತ ಮುಂದಿದ್ದವರು ಅಲ್ಲಿ ಬಹಳ ಮಂದಿ ಇದ್ದರು. ಅವರನ್ನು ಅಷ್ಟು ಮೇಲಕ್ಕೆ ತಂದದ್ದು ಪಟ್ಟಿಂಗ್. ಆದ್ದರಿಂದ ಮಗಳಿಗೆ ಮೊದಲ ತಿಂಗಳು ಪಟ್ಟರ್ ಒಂದನ್ನೇ ಕೊಟ್ಟರೂ ಕಡಿಮೆಯಾಗಲಿಲ್ಲ. ಮನೆಯ ಹಜಾರದಲ್ಲಿ ಒಂದು ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿಟ್ಟರೆ ಅಭ್ಯಾಸಕ್ಕೆ ಅದೇ ಗುಳಿ.

ಪ್ರಶ್ನೆ: ಹೆಸರಾಂತ ಕಂಪನಿಯೊಂದರ ಈ ವರ್ಷದ ಡ್ರೈವರ್ ಆನ್‌ಲೈನ್‌ನಲ್ಲಿ ಅಂಗಡಿ ಬೆಲೆಯ ಕಾಲು ಭಾಗಕ್ಕೆ ಸಿಗುತ್ತಿದೆ. ಮಾರುವವರು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಹೊಸ ಮಾಲು ಎನ್ನುತ್ತಾರೆ. ಕೊಳ್ಳಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಈ ವರ್ಷದ ಮಾಲು ಕಾಲು ಬೆಲೆಗೆ ಬರುತ್ತಿದ್ದರೆ ಅದು ನಕಲಿ ಎಂದೇ ತಿಳಿಯಿರಿ. ಗಾಲ್ಫ್ ಕ್ಲಬ್‌ಗಳ ನಕಲು ಜಗತ್ತಿನಾದ್ಯಂತ ನಡೆಯುವ ದೊಡ್ಡ ದಂಧೆ.

ಈಗಾಗಲೇ ಕೊಂಡಿದ್ದರೆ ಕೆಲವು ಪರೀಕ್ಷೆಗಳಿವೆ. ತಲೆ ಮತ್ತು ಶಾಫ್ಟ್ ಕೂಡುವ ಕುತ್ತಿಗೆಯ ಬಳಿ ಸರಣಿ ಸಂಖ್ಯೆ ಕೆತ್ತಿದೆಯೇ ಎಂದು ನೋಡಿ ಅದನ್ನು ಕಂಪನಿಗೆ ಬರೆದು ವಿಚಾರಿಸಬಹುದು. ಅಕ್ಷರಗಳ ಬಣ್ಣ ಗೆರೆ ದಾಟಿ ಹರಡಿದೆಯೇ ಎಂದು ಗಮನಿಸಿ. ಟೈಟಾನಿಯಂ ಎಂದು ಹೇಳಿಕೊಂಡ ಮುಖಕ್ಕೆ ಒಂದು ಸಾಧಾರಣ ಆಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಅದು ಉಕ್ಕು, ಟೈಟಾನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದಿದ್ದ ಮಾತ್ರಕ್ಕೆ ಅಸಲಿ ಎಂದು ಹಿಗ್ಗುವಂತಿಲ್ಲ, ಏಕೆಂದರೆ ಅಗ್ಗದ ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ.

ನಿಜ ಹೇಳಬೇಕೆಂದರೆ ಈ ವರ್ಷದ ಡ್ರೈವರ್ ನಿಮಗೆ ಅಗತ್ಯವೇ ಇಲ್ಲ. ಮುಖ ಚೆಂಡನ್ನು ಎಷ್ಟು ಚಿಮ್ಮಿಸಬಹುದು, ತಲೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ನಿಯಮದಲ್ಲಿ ಮೇಲ್ಮಿತಿ ಇದೆ. ಗಾತ್ರದ ಮಿತಿ 2004ರಿಂದಲೂ 460 ಘನ ಸೆಂಟಿಮೀಟರೇ ಆಗಿದ್ದು, ಕಂಪನಿಗಳು ಆ ಮಿತಿಯನ್ನು ಮುಟ್ಟಿ ವರ್ಷಗಳೇ ಕಳೆದಿವೆ. ಹೀಗಾಗಿ ಏಳೆಂಟು ವರ್ಷ ಹಳೆಯ, ಆದರೆ ಅಸಲಿಯಾದ, 10.5ರಿಂದ 12 ಡಿಗ್ರಿಯ ಡ್ರೈವರ್ ಅನ್ನು ಗುರುತಿನವರಿಂದ ಕೊಂಡರೆ ಜಾಹೀರಾತು ಹೇಳುವಷ್ಟು ವ್ಯತ್ಯಾಸ ನಿಮಗೆ ಕಾಣುವುದಿಲ್ಲ. ಕೈಗೆ ಸಿಕ್ಕ ಕೂಡಲೇ ಮುಖದ ಮೇಲೆ ಬೆರಳಾಡಿಸಿ ಬಿರುಕಿದೆಯೇ ಎಂದು ನೋಡಿ. ಹೊಡೆದಾಗ ಸದ್ದು ಒಡಕಾಗಿ ಕೇಳಿಸಿದರೆ ಹಿಂದಿರುಗಿಸಿ.

ಪ್ರಶ್ನೆ: ಚೆಂಡುಗಳ ಬೆಲೆಯಲ್ಲಿ ಏಕೆ ಇಷ್ಟು ಅಂತರ? ಕೆರೆಯಿಂದ ತೆಗೆದು ಮಾರುವ ಹಳೆಯ ಚೆಂಡು ಕೊಳ್ಳಬಹುದೇ?
— ಓದುಗರು, ಮಂಗಳೂರು

ಉತ್ತರ: ಗಾತ್ರದಲ್ಲಿ, ತೂಕದಲ್ಲಿ ಎಲ್ಲ ಚೆಂಡುಗಳೂ ಒಂದೇ ನಿಯಮಕ್ಕೆ ಒಳಪಟ್ಟಿವೆ: ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಬೆಲೆಯ ಅಂತರ ಇರುವುದು ಹೊದಿಕೆಯಲ್ಲಿ ಮತ್ತು ಒಳಗಿನ ಪದರಗಳಲ್ಲಿ. ದುಬಾರಿ ಚೆಂಡಿನ ಮೆತ್ತನೆಯ ಯೂರಿಥೇನ್ ಹೊದಿಕೆ ಗ್ರೀನ್ ಬಳಿ ಚೆಂಡಿಗೆ ಹಿಂದಕ್ಕೆ ತಿರುಗುವ ಗುಣ ಕೊಡುತ್ತದೆ. ಆ ಗುಣವನ್ನು ಬಳಸಿಕೊಳ್ಳುವ ಹೊಡೆತ ಹೊಸಬರಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಎರಡೇ ಪದರದ, ಗಟ್ಟಿ ಹೊದಿಕೆಯ ಚೆಂಡು ಅರ್ಧಕ್ಕಿಂತ ಕಡಿಮೆ ಬೆಲೆಗೆ ಬರುತ್ತದೆ, ಬೇಗ ಗೀರು ಬೀಳುವುದಿಲ್ಲ. ಹಳದಿ ಅಥವಾ ಕಿತ್ತಳೆ ಬಣ್ಣದ್ದಾದರೆ ಹುಲ್ಲಿನಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. 2019ರಿಂದ ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ ಎಂಬುದು ನೆನಪಿರಲಿ.

ನೀರಿನಿಂದ ತೆಗೆದ ಚೆಂಡು ಹೊಳಪಿದ್ದು, ಮೇಲ್ಮೈ ನುಣ್ಣಗಿದ್ದರೆ ಅಭ್ಯಾಸಕ್ಕೆ ಧಾರಾಳವಾಗಿ ಕೊಳ್ಳಿ. ಬಣ್ಣ ಮಾಸಿ ಕಂದಿದ್ದರೆ ಬಹುಕಾಲ ನೀರಿನಲ್ಲಿತ್ತು ಎಂದು ಬಿಟ್ಟುಬಿಡಿ. ಹೊಸದಾಗಿ ಬಣ್ಣ ಬಳಿದು ಕಂಪನಿಯ ಮುದ್ರೆ ಒತ್ತಿದ ಚೆಂಡುಗಳಂತೂ ಬೇಡವೇ ಬೇಡ. ಸುತ್ತ ಪಟ್ಟೆ ಎಳೆದ ಚೆಂಡುಗಳು ರೇಂಜ್‌ನವರ ಸ್ವತ್ತು. ಅವುಗಳನ್ನು ಅಗ್ಗಕ್ಕೆ ಕೊಡುವವರಿಂದ ದೂರವಿರಿ.

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ನಿವೃತ್ತರಾದ ತಂದೆಯವರು (ವಯಸ್ಸು 64) ಚಿಕ್ಕಮಗಳೂರಿನಲ್ಲಿ ಗೆಳೆಯರ ಜೊತೆ ಗಾಲ್ಫ್ ಕಲಿಯಲು ಆರಂಭಿಸಿದ್ದಾರೆ. ಇಲ್ಲಿ ಬಳಸಿದ ಸೆಟ್‌ಗಳು ಅಗ್ಗ. ಊರಿಗೆ ಬರುವಾಗ ಅವರಿಗೆ ಏನು ತರಲಿ?
— ಓದುಗರು, ಡಲ್ಲಾಸ್

ಉತ್ತರ: ಫೋನ್‌ನಲ್ಲಿ ತಂದೆಯವರ ಮಣಿಕಟ್ಟಿನಿಂದ ನೆಲದವರೆಗಿನ ಅಳತೆಯನ್ನು ಮೊದಲು ಪಡೆದುಕೊಳ್ಳಿ. ಅಲ್ಲಿನ ಎತ್ತರದವರಿಗಾಗಿ ಉದ್ದ ಮಾಡಿಸಿದ ಕ್ಲಬ್‌ಗಳು ಬಳಸಿದ ಸರಕಿನ ರಾಶಿಯಲ್ಲಿ ಸೇರಿಕೊಂಡಿರುತ್ತವೆ. ಅವರ ವಯಸ್ಸಿಗೆ ಗ್ರಾಫೈಟ್ ಶಾಫ್ಟ್‌ನ ಸೀನಿಯರ್ ಫ್ಲೆಕ್ಸ್ (ಹಿರಿಯರಿಗಾಗಿ ಹೆಚ್ಚು ಬಾಗುವ ಬಗೆ) ಸರಿ. ಉಕ್ಕಿನದು 100 ಗ್ರಾಂ ದಾಟುವ ಕಡೆ ಇದು 60-70 ಗ್ರಾಂನಲ್ಲಿ ಮುಗಿಯುತ್ತದೆ, ಮೊಣಕೈ, ಮಣಿಕಟ್ಟುಗಳಿಗೂ ಹೊಡೆತದ ಕಂಪನ ಕಡಿಮೆ. 4, 5ನೇ ಐರನ್‌ಗಳ ಬದಲು ಎರಡು ಹೈಬ್ರಿಡ್ ಹಾಕಿ. ತೂಕ ಉಳಿಸಲು ದೊಡ್ಡ ಚೀಲವನ್ನು ಬಿಟ್ಟು ಕಾಲುಳ್ಳ ಹಗುರ ಚೀಲ ತನ್ನಿ. ಡ್ರೈವರ್‌ನ ತಲೆ ಬಿಚ್ಚಲು ಬರುವಂಥದ್ದಾದರೆ ಬಿಚ್ಚಿ ಬಟ್ಟೆಯ ನಡುವೆ ಇಡಿ, ತಿರುಪಿನ ಕೀಲಿಯನ್ನು ಮರೆಯಬೇಡಿ. ಆ ಕೀಲಿ ಕಳೆದರೆ ಚಿಕ್ಕಮಗಳೂರಿನಲ್ಲಿ ಹುಡುಕುವುದು ಕಷ್ಟ.

ಪ್ರಶ್ನೆ: ನಾನು ಎಡಗೈಯವನು. ಎಡಗೈ ಸೆಟ್ ಎಲ್ಲಿಯೂ ಸಿಗುತ್ತಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ನೀವು ಬರೆಯುವುದು ಯಾವ ಕೈಯಲ್ಲಿ ಎಂಬುದಕ್ಕಿಂತ ಕ್ರಿಕೆಟ್ ಬ್ಯಾಟನ್ನು ಯಾವ ಕಡೆ ನಿಂತು ಬೀಸುತ್ತೀರಿ ಎಂಬುದು ಇಲ್ಲಿ ಮುಖ್ಯ. ಎಡಗೈಯಲ್ಲಿ ಬರೆಯುವವರಲ್ಲಿ ಬಲಗೈ ಬ್ಯಾಟರ್‌ಗಳು ಸಾಕಷ್ಟಿದ್ದಾರೆ. ಮತ್ತೊಂದು ಕಡೆ, ಎಡಗೈ ಗಾಲ್ಫ್‌ನ ಅತ್ಯಂತ ಪ್ರಸಿದ್ಧ ಹೆಸರಾದ ಫಿಲ್ ಮಿಕಲ್ಸನ್ ಉಳಿದೆಲ್ಲ ಕೆಲಸಕ್ಕೂ ಬಲಗೈ ಬಳಸುವವರು. ಬ್ಯಾಟಿಂಗ್ ಬಲಗೈಯದಾದರೆ ಬಲಗೈ ಸೆಟ್ಟನ್ನೇ ಕೊಳ್ಳಿ, ಆಯ್ಕೆ ಹತ್ತು ಪಟ್ಟು ವಿಸ್ತಾರವಾಗುತ್ತದೆ. ಬ್ಯಾಟಿಂಗ್ ಕೂಡ ಎಡಗೈಯದೇ ಆಗಿದ್ದರೆ ಒತ್ತಾಯದಿಂದ ಕೈ ಬದಲಿಸಬೇಡಿ. ಪೂರ್ತಿ ಸೆಟ್‌ಗೆ ಕಾಯದೆ ಎಡಗೈಯ 7ನೇ ಐರನ್ ಒಂದನ್ನು ತರಿಸಿಕೊಂಡು ಕಲಿಕೆ ಆರಂಭಿಸಿ. ಪಟ್ಟರ್‌ಗಳಲ್ಲಿ ಎರಡೂ ಬದಿಗೆ ಮುಖವಿರುವವೂ ಇವೆ.

ಪ್ರಶ್ನೆ: ಗ್ಲೌಸ್, ಬೂಟು, ದೂರ ಅಳೆಯುವ ಯಂತ್ರ, ತಳ್ಳುಗಾಡಿ: ಇವುಗಳಲ್ಲಿ ಯಾವುದು ಅಗತ್ಯ?
— ಓದುಗರು, ಬೆಳಗಾವಿ

ಉತ್ತರ: ಗ್ಲೌಸ್ ಅಗತ್ಯ. ಬಲಗೈ ಆಟಗಾರರಿಗೆ ಎಡಗೈಗೆ ಒಂದೇ ಸಾಕು, ಜೋಡಿ ಬೇಡ. ಬೆರಳ ತುದಿಯಲ್ಲಿ ಸಡಿಲ ಉಳಿಯದಂತೆ ಬಿಗಿಯಾಗಿರಲಿ. ಕುರಿಚರ್ಮದ್ದು ಕೈಗೆ ಹಿತ, ಆದರೆ ನಮ್ಮ ಬೆವರಿಗೆ ಬೇಗ ಬಿರುಸಾಗುತ್ತದೆ; ಸಿಂಥೆಟಿಕ್‌ನದು ಹೆಚ್ಚು ದಿನ ಬರುತ್ತದೆ. ಆಟ ಮುಗಿದ ಮೇಲೆ ಮುದುರಿ ಚೀಲಕ್ಕೆ ತುರುಕದೆ ನೆರಳಿನಲ್ಲಿ ಹರಡಿ ಒಣಗಿಸಿ.

ಬೂಟನ್ನು ಮೂರು ತಿಂಗಳು ಮುಂದೂಡಬಹುದು. ಅಡಿಯಲ್ಲಿ ಹಿಡಿತವಿರುವ ಕ್ರೀಡಾ ಬೂಟು ಬೇಸಿಗೆಯ ಗಟ್ಟಿ ನೆಲದಲ್ಲಿ ಸಾಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಕಾಲು ಜಾರುವುದರಿಂದ ಆಗ ಕೊಳ್ಳಿ. ಲೋಹದ ಮೊಳೆಗಳ ಹಳೆಯ ಬೂಟು ಉಚಿತವಾಗಿ ಸಿಕ್ಕರೂ ಬೇಡ. ಗ್ರೀನ್ ಹಾಳಾಗುತ್ತದೆಂದು ಬಹಳಷ್ಟು ಮೈದಾನಗಳಲ್ಲಿ ಅದನ್ನು ಹಾಕಿಕೊಂಡು ಒಳಗೆ ಬಿಡುವುದಿಲ್ಲ. ದೂರ ಅಳೆಯುವ ಯಂತ್ರಕ್ಕೆ ಸದ್ಯ ಹಣ ಹಾಕಬೇಡಿ. ಒಂದೇ ಕ್ಲಬ್‌ನಲ್ಲಿ ಒಮ್ಮೆ 90 ಗಜ, ಇನ್ನೊಮ್ಮೆ 130 ಗಜ ಹೋಗುವ ಹಂತದಲ್ಲಿ ಗುಳಿ 117 ಗಜ ದೂರವಿದೆ ಎಂದು ತಿಳಿದು ಆಗಬೇಕಾದದ್ದೇನೂ ಇಲ್ಲ. ಫೇರ್‌ವೇಯಲ್ಲಿ 100, 150 ಗಜಗಳಿಗೆ ನೆಟ್ಟಿರುವ ಗುರುತುಗಳು ಸಾಲುತ್ತವೆ. ತಳ್ಳುಗಾಡಿಯೂ ಹಾಗೆಯೇ, ಏಳು ಕ್ಲಬ್‌ಗಳ ಚೀಲವನ್ನು ಹೆಗಲಿನಲ್ಲೇ ಹೊರಬಹುದು.

ನೀವು ಕೇಳದ ಒಂದು ಖರ್ಚು ಉಳಿದಿದೆ. ಅನೇಕ ಸಂಸ್ಥೆಗಳಲ್ಲಿ ಕಾಲರ್ ಇಲ್ಲದ ಟಿ-ಶರ್ಟ್, ಜೀನ್ಸ್ ತೊಟ್ಟವರನ್ನು ರೇಂಜ್‌ಗೂ ಬಿಡುವುದಿಲ್ಲ. ಮೊದಲ ದಿನ ಬಾಗಿಲಿನಿಂದ ಹಿಂದಿರುಗುವ ಬದಲು ಮುಂಚಿತವಾಗಿ ಫೋನ್ ಮಾಡಿ ಉಡುಪಿನ ನಿಯಮವನ್ನೂ, ಬಾಡಿಗೆಗೆ ಕ್ಲಬ್ ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಂಡು ಹೊರಡಿ.